ಆಸ್ಪತ್ರೆ ವಾರ್ಡಿಗೆ ಬರುವ ವಕಾಲತ್ತಿಗೆ ಸಹಿ ಹಾಕಬೇಡಿ

ಅಪಘಾತದ ಪರಿಹಾರ ಕೇಸಿಗೆ ವಕೀಲರನ್ನು ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಬಾಗಲಕೋಟೆ, ವಿಜಯಪುರ ಕಡೆ ಇದು ಒಬ್ಬಿಬ್ಬರ ಕಥೆ ಅಲ್ಲ.

ನಮ್ಮಣ್ಣ ಗೌಂಡಿ, ಅಂದರೆ ಗೋಡೆ-ಕಟ್ಟಡ ಕಟ್ಟುವ ಕೆಲಸದವನು. ಕಬ್ಬಿನ ಸೀಸನ್‌ನಲ್ಲಿ ರಾತ್ರಿ ಮುಧೋಳದಿಂದ ಬೈಕ್ ಮೇಲೆ ಬರುವಾಗ ಟ್ರ್ಯಾಕ್ಟರ್ ಗುದ್ದಿತು. ಬಲಗಾಲು ಮುರಿದು ಒಳಗೆ ರಾಡ್ ಹಾಕಿದರು. ಆಪರೇಷನ್ ಆಗಿ ಮಂಪರೂ ಇಳಿದಿರಲಿಲ್ಲ, ಅಷ್ಟರಲ್ಲಿ ಒಬ್ಬ ವಾರ್ಡಿಗೆ ಬಂದ. ನಮ್ಮ ವೈನಿಗೆ (ಅತ್ತಿಗೆಗೆ) ಹೇಳಿದ: "ಅಕ್ಕಾರ, ನೀವೇನೂ ಚಿಂತಿ ಮಾಡಬ್ಯಾಡ್ರಿ. ನಮ್ಮ ವಕೀಲ ಸಾಹೇಬ್ರು ಎಲ್ಲಾ ನೋಡ್ಕೋತಾರ. ಈಗ ಒಂದ್ ರೂಪಾಯಿನೂ ಬ್ಯಾಡ. ರೊಕ್ಕ ಬಂದ ಮ್ಯಾಲ ನೂರಕ್ಕ ಇಪ್ಪತ್ತೈದು ಕೊಡ್ರಿ ಸಾಕು." ಕೇಸು ನಡೆಸಲು ವಕೀಲರಿಗೆ ಅಧಿಕಾರ ಕೊಡುವ ವಕಾಲತ್ತಿನ ಜೊತೆಗೆ ಖಾಲಿ ಹಾಳೆಗಳಿಗೂ ಖಾಲಿ ಚೆಕ್ಕುಗಳಿಗೂ ಅಣ್ಣನ ಸಹಿ ಮಾಡಿಸಿಕೊಂಡು ಹೋದ.

ಇಲ್ಲೇ ಎರಡು ವಿಷಯ ಹೇಳಿಬಿಡುತ್ತೇನೆ. ಭಾರತೀಯ ವಕೀಲರ ಪರಿಷತ್ತಿನ ನಿಯಮದ ಪ್ರಕಾರ ವಕೀಲರು ದಲ್ಲಾಳಿಗಳನ್ನು ಕಳಿಸಿ ಕೇಸು ಹಿಡಿಯುವುದು ತಪ್ಪು. ಬರುವ ಪರಿಹಾರದಲ್ಲಿ ಪಾಲು ಮಾತಾಡಿಕೊಳ್ಳುವುದೂ ತಪ್ಪು. 'ಎಲ್ಲಾರೂ ಹಂಗ ಮಾಡ್ತಾರ್ರೀ' ಅಂತ ಹೇಳುತ್ತಾರೆ, ನಂಬಬೇಡಿ. ಪರಿಹಾರದ ಹಣ ಗಾಯಾಳುವಿನ ಖಾತೆಗೇ ಬರುತ್ತದೆ, ಅದಕ್ಕೇ ಮೊದಲೇ ಚೆಕ್ ಕೇಳುವುದು. ಚೆಕ್ ಕೇಳಿದವರ ಹತ್ತಿರ ಮಾತು ಮುಂದುವರಿಸಲೇಬೇಡಿ.

ಆದರೆ ನಮಗೆ ನಿಜವಾದ ಪೆಟ್ಟು ಬಿದ್ದಿದ್ದು ಪರ್ಸೆಂಟೇಜಿನಿಂದ ಅಲ್ಲ, ಸಾಕ್ಷಿಯ ದಿನ.

ಆ ದಿನದವರೆಗೂ ಅಣ್ಣ ಆ ವಕೀಲರ ಜೊತೆ ಕೂತು ಮಾತಾಡಿರಲಿಲ್ಲ. ಗುಮಾಸ್ತ ಫೋನ್ ಮಾಡಿ ತಾರೀಖು ಹೇಳಿದ, ಹೋದೆವು. ಸೀನಿಯರ್ ಬರಲಿಲ್ಲ. ಫೈಲನ್ನು ಕಾರಿಡಾರಿನಲ್ಲೇ ಮೊದಲ ಸಲ ಬಿಚ್ಚಿದ ಜೂನಿಯರ್ ಒಬ್ಬರು ನಿಂತರು. ಅಫಿಡವಿಟ್ಟಿನಲ್ಲಿ 'ಕೂಲಿ' ಅಂತಷ್ಟೇ ಇತ್ತು, ಗೌಂಡಿ ಅನ್ನುವ ಪದವೇ ಇಲ್ಲ. ವಿಮಾ ಕಂಪನಿಯ ವಕೀಲರು ಪಾಟೀ ಸವಾಲಿನಲ್ಲಿ ಕೇಳಿದರು: "ಈಗ ನೀವು ನಡೀತೀರಿ, ಕೆಲಸಾನೂ ಮಾಡ್ತೀರಿ, ಹೌದಲ್ಲ?" ಅಣ್ಣ "ಹೌದ್ರಿ" ಅಂದ. ಅದು ಸುಳ್ಳಲ್ಲ. ಮನೆ ಮುಂದೆ ಕೂತು ಸಣ್ಣಪುಟ್ಟ ಕೆಲಸ ಮಾಡುತ್ತಿದ್ದ. ಆದರೆ ಸಾರವೆ (ಗೋಡೆ ಕಟ್ಟಲು ನಿಲ್ಲಿಸುವ ಅಟ್ಟಣಿಗೆ) ಹತ್ತಲು ಆಗಲ್ಲ, ಸಿಮೆಂಟ್ ಚೀಲ ಎತ್ತಲು ಆಗಲ್ಲ ಅನ್ನುವುದು ಯಾರ ಬಾಯಿಂದಲೂ ಬರಲಿಲ್ಲ. ಅವನ ಬದುಕು ನಡೆಯುತ್ತಿದ್ದುದೇ ಸಾರವೆ ಮೇಲೆ ಅಲ್ವಾ?

ಕಾಲು ಪರೀಕ್ಷೆ ಮಾಡಿ ಅಂಗವೈಕಲ್ಯ ಬರೆದುಕೊಟ್ಟ ಡಾಕ್ಟರನ್ನೂ ಸಾಕ್ಷಿಗೆ ಕರೆಸಲಿಲ್ಲ. ಸರ್ಟಿಫಿಕೇಟ್ ಒಂದನ್ನು ಕೋರ್ಟಿಗೆ ಕೊಟ್ಟು ಸುಮ್ನೆ ಕೂತರೆ ಸಾಲುವುದಿಲ್ಲ. ಡಾಕ್ಟರ್ ಬಂದು ಹೇಳಬೇಕು, ಎದುರಿನವರ ಪ್ರಶ್ನೆಗೂ ಉತ್ತರ ಕೊಡಬೇಕು. 'ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್' ಕೇಸಿನಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಇದನ್ನೆಲ್ಲ ಬಿಡಿಸಿ ಹೇಳಿದೆ. ಎಡಗೈ ಕಳೆದುಕೊಂಡವನು ಡ್ರೈವರ್ ಅಥವಾ ಬಡಗಿ ಆಗಿದ್ದರೆ ಅವನ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ. ಸರ್ಕಾರಿ ಗುಮಾಸ್ತನಾಗಿದ್ದರೆ ಹಾಗಲ್ಲ. ಅಂದರೆ ಗಾಯ ಎಷ್ಟು ಅನ್ನುವುದಕ್ಕಿಂತ, ಆ ಗಾಯ ನಿಮ್ಮ ಕೆಲಸಕ್ಕೆ ಏನು ಮಾಡಿತು ಅನ್ನುವುದೇ ಕೇಸಿನ ಜೀವ. ಅದನ್ನು ತೋರಿಸದ ಮೇಲೆ ಜಡ್ಜ್ ಆದರೂ ಏನು ಮಾಡುತ್ತಾರೆ? ಆಸ್ಪತ್ರೆ ಬಿಲ್ಲಿನ ಮೇಲೆ ಸ್ವಲ್ಪ ಸೇರಿಸಿ ಆದೇಶ ಆಯಿತು.

ಹಾಗಾಗಿ ವಕೀಲರ ಆಫೀಸಿಗೆ ಹೋದಾಗ ಗೋಡೆ ತುಂಬ ಇರುವ ಪುಸ್ತಕ ನೋಡಬೇಡಿ. ಮೊದಲು ಇದನ್ನು ಕೇಳಿ: ಸಾಕ್ಷಿ ನಡೆಸುವವರು ಯಾರು, ನೀವೋ ನಿಮ್ಮ ಜೂನಿಯರೋ? ಜೂನಿಯರ್ ಆದರೂ ಪರವಾಗಿಲ್ಲ, ಚೆನ್ನಾಗಿ ನಡೆಸುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವರು ಮೊದಲೇ ನಿಮ್ಮ ಜೊತೆ ಕೂತು ನಿಮ್ಮ ಕೆಲಸದ ಬಗ್ಗೆ ಕೇಳಿರಬೇಕು. ಡಾಕ್ಟರನ್ನು ಕರೆಸುತ್ತೀರಾ, ಕೂಲಿ ಕೊಡುತ್ತಿದ್ದ ಮೇಸ್ತ್ರಿಯನ್ನು ಕರೆಸುತ್ತೀರಾ ಅಂತಲೂ ಕೇಳಿ. 'ಅವೆಲ್ಲಾ ಬ್ಯಾಡ್ರೀ' ಅಂದರೆ ಎದ್ದು ಬನ್ನಿ. ಇನ್ನೊಂದು ಕೆಲಸ ಮಾಡಿ. ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಒಂದು ಬೆಳಗ್ಗೆ ಕೂತುಕೊಳ್ಳಿ. ಯಾರು ಬೇಕಾದರೂ ಕೂತು ನೋಡಬಹುದು. ಯಾರು ಫೈಲ್ ಓದಿಕೊಂಡು ಬಂದಿದ್ದಾರೆ, ಯಾರು ಬರೀ ಮುಂದಿನ ತಾರೀಖು ಕೇಳುತ್ತಿದ್ದಾರೆ ಅಂತ ಕಾನೂನು ಓದದವರಿಗೂ ಗೊತ್ತಾಗುತ್ತದೆ.

ಕೇಸು ಹಾಕಿದ ಕೂಡಲೇ ಹದಿನಾರು ಅಕ್ಷರ-ಅಂಕಿಯ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ) ಬರೆಸಿಕೊಳ್ಳಿ. ಇ-ಕೋರ್ಟ್ಸ್ ಆಪಿನಲ್ಲಿ ಅದನ್ನು ಹಾಕಿದರೆ ಮುಂದಿನ ತಾರೀಖು, ಕೇಸು ಯಾವ ಹಂತದಲ್ಲಿದೆ ಎಲ್ಲಾ ಕಾಣುತ್ತದೆ. ಗುಮಾಸ್ತನ ಫೋನಿಗೆ ಕಾಯುವ ಅಗತ್ಯ ಇಲ್ಲ. ಕೊಟ್ಟ ಪ್ರತಿ ಹಣಕ್ಕೂ ರಸೀದಿ ಕೇಳಿ.

ನಮ್ಮ ಕೇಸಿನಲ್ಲಿ ಆದೇಶ ಬಂದ ಮೇಲೆ ಆ ವಕೀಲರ ಹತ್ತಿರ ಫೈಲ್ ಕೇಳಿದರೆ, 'ನಮ್ಮ ಪರ್ಸೆಂಟೇಜ್ ಕೊಟ್ಟು ಒಯ್ರಿ' ಅಂದರು. ಫೀಸು ಬಾಕಿ ಇದ್ದರೂ ಕಕ್ಷಿದಾರನ ಫೈಲನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ವಕೀಲರಿಗೆ ಇಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ನಾವು ಜಗಳಕ್ಕೆ ನಿಲ್ಲದೆ ಕೋರ್ಟಿಗೇ ಅರ್ಜಿ ಹಾಕಿ ನಕಲು ತೆಗೆಸಿದೆವು. ಬ್ಯಾಂಕಿಗೆ ಬರೆದುಕೊಟ್ಟು ಆ ಚೆಕ್ಕುಗಳನ್ನು ತಡೆ ಹಿಡಿಸಿದೆವು. ವಕೀಲರ ಸೇವೆ ಗ್ರಾಹಕರ ಕಾನೂನಿಗೆ ಬರುವುದಿಲ್ಲ ಅಂತ 2024ರ ಮೇ ತಿಂಗಳಲ್ಲಿ ತೀರ್ಪು ಬಂದಿದೆ. ಹಾಗಾಗಿ ಗ್ರಾಹಕರ ಆಯೋಗಕ್ಕೆ ಓಡಾಡಿ ಪ್ರಯೋಜನ ಇಲ್ಲ. ದೂರು ಕೊಡಬೇಕಾಗಿದ್ದು ರಾಜ್ಯ ವಕೀಲರ ಪರಿಷತ್ತಿಗೆ, 1961ರ ವಕೀಲರ ಕಾಯ್ದೆಯ 35ನೇ ಕಲಮಿನ ಕೆಳಗೆ. ನಾವು ಅದನ್ನೇ ಬರೆಸುತ್ತಿದ್ದೇವೆ.

ಪರಿಹಾರ ಕಡಿಮೆ ಆಯಿತು ಅನಿಸಿದರೆ ಆದೇಶವಾದ 90 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ ಹಾಕಬೇಕು. ಬಾಗಲಕೋಟೆ, ಬೆಳಗಾವಿಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ. ವಕೀಲರ ಫೀಸಿಗೆ ದುಡ್ಡಿಲ್ಲ ಅಂತ ದಲ್ಲಾಳಿ ಕೈಗೆ ಸಿಗಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಪ್ರತಿ ಜಿಲ್ಲೆಯಲ್ಲೂ ಅದರ ಕಚೇರಿ ಇದೆ, ಸಹಾಯವಾಣಿ 15100.