ವನ್ ಓಕೆ ರಾಕ್‌ನ ‘ಲಕ್ಷುರಿ ಡಿಸೀಸ್’: ಸರಿಯಾದ ಸಿಡಿಯನ್ನೇ ಕೊಳ್ಳಿ

ಮೊದಲೇ ಹೇಳಿಬಿಡುತ್ತೇನೆ, ಜಪಾನಿನ ರಾಕ್ ಬ್ಯಾಂಡ್ ವನ್ ಓಕೆ ರಾಕ್‌ನ ಈ ಸಿಡಿಯನ್ನು ನಾನು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಕೊಂಡೆ. 2022ರ ಸೆಪ್ಟೆಂಬರ್‌ನಲ್ಲಿ ಆಲ್ಬಮ್ ಬಂದಾಗ ನನಗೆ ಆಸೆಯೇ ಹುಟ್ಟಲಿಲ್ಲ. ಅದಕ್ಕೆ ಹಿಂದಿನ ಆಲ್ಬಮ್ ಕಾರಣ. 2019ರ ‘ಐ ಆಫ್ ದ ಸ್ಟಾರ್ಮ್’ ಬಂದ ವಾರವೇ ಓಡಿಹೋಗಿ ಮೂರು ಸಾವಿರ ಯೆನ್ ಮೇಲೆ ಕೊಟ್ಟು ತಂದಿದ್ದೆ. ಮನೆಗೆ ಬಂದು ಹಾಕಿದರೆ ಗಿಟಾರ್ ಎಲ್ಲಿದೆ ಅಂತ ಹುಡುಕಬೇಕಾಯಿತು. ಟೊಮೊಯಾನಂಥ ಡ್ರಮ್ಮರ್ ಇದ್ದೂ ಕಿವಿಗೆ ಬಿದ್ದದ್ದು ಕಂಪ್ಯೂಟರಿನ ಟಪ್ ಟಪ್. ಕೆಟ್ಟ ಹಾಡುಗಳೇನಲ್ಲ, ಆದರೆ ಇದಕ್ಕೆ ಇವರೇ ಯಾಕೆ ಬೇಕಿತ್ತು? ಆ ಸಿಡಿ ಈಗಲೂ ಶೂ ಗೂಡಿನ ಮೇಲೆ ಧೂಳು ತಿನ್ನುತ್ತಿದೆ.

ನಾನು ಟೋಕಿಯೋದ ನಿಶಿ ಕಸಾಯ್‌ನಲ್ಲಿ ಇರುವವನು. ಇಲ್ಲಿ ನಮ್ಮವರು ಜಾಸ್ತಿ, ಮನೆಗಳು ಚಿಕ್ಕವು. 2023ರ ಶುರುವಿನಲ್ಲಿ ಒಂದು ಭಾನುವಾರ ಅಂಗಡಿಯ ಬುಟ್ಟಿಯಲ್ಲಿ ಕೈಯಾಡಿಸುವಾಗ ‘ಲಕ್ಷುರಿ ಡಿಸೀಸ್’ ಸಿಕ್ಕಿತು. 900 ಯೆನ್. ಅಷ್ಟು ಅಗ್ಗ ಯಾಕೆಂದರೆ ಓಬಿ ಇರಲಿಲ್ಲ. ಓಬಿ ಅಂದರೆ ಸಿಡಿ ಡಬ್ಬಿಯ ಬೆನ್ನಿಗೆ ಸುತ್ತಿರುವ ಕಾಗದದ ಪಟ್ಟಿ. ಅದು ಕಳೆದುಹೋಗಿದ್ದರೆ ಇಲ್ಲಿನ ಅಂಗಡಿಯವರ ಲೆಕ್ಕದಲ್ಲಿ ಸಿಡಿಯ ಅರ್ಧ ಜೀವ ಹೋದ ಹಾಗೆ. ನನಗೇನು, ಪಟ್ಟಿ ಹಾಡುತ್ತದಾ?

ಹೆಸರು ನೋಡಿಯೇ ಸ್ವಲ್ಪ ಆಸೆ ಚಿಗುರಿತ್ತು. 2007ರ ಇವರ ಮೊದಲ ಆಲ್ಬಮ್ ‘ಝೇತಾಕುಬ್ಯೋ’. ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಈ ಹೆಸರು ಇಟ್ಟಿದ್ದಾರೆ. ನಮ್ಮ ಕಡೆ ಸಕ್ಕರೆ ಕಾಯಿಲೆಗೆ ‘ಶ್ರೀಮಂತರ ಕಾಯಿಲೆ’ ಅನ್ನುತ್ತಾರಲ್ಲ, ಅದೇ ಮಾತು. ಹದಿನೈದು ವರ್ಷ ಆದಮೇಲೆ ಮೊದಲ ಆಲ್ಬಮ್ಮಿನ ಹೆಸರನ್ನು ಎತ್ತಿಕೊಂಡರೆ ಏನೋ ನೆನಪಾಗಿರಬೇಕು ಅಲ್ವಾ?

ನೆನಪಾಗಿತ್ತು. ‘ಸೇವ್ ಯುವರ್‌ಸೆಲ್ಫ್’ ಶುರುವಾದ ಕೂಡಲೇ ನಾನು ಮಾಡಿದ ಕೆಲಸ ಅಂದರೆ ಎದ್ದುಹೋಗಿ ಸೌಂಡ್ ಕಡಿಮೆ ಮಾಡಿದ್ದು. ನಮ್ಮ ಅಪಾರ್ಟ್‌ಮೆಂಟಿನ ಗೋಡೆ ಎಷ್ಟು ತೆಳು ಅಂದರೆ ಪಕ್ಕದ ಮನೆಯವರ ಮೈಕ್ರೋವೇವ್ ಟಿಂಗ್ ಅಂದದ್ದು ನನಗೆ ಕೇಳುತ್ತದೆ. ಹಿಂದೆ ಒಮ್ಮೆ ಅಂಚೆಡಬ್ಬಿಯಲ್ಲಿ ಒಂದು ಚೀಟಿ ಬಂದಿತ್ತು. ಸದ್ದಿನ ಬಗ್ಗೆ ದಯವಿಟ್ಟು ಗಮನ ಕೊಡಿ ಅಂತ ತುಂಬಾ ಮರ್ಯಾದೆಯಿಂದ ಬರೆದಿದ್ದರು. ಆ ಮರ್ಯಾದೆಯೇ ಹೆದರಿಸುವುದು. ‘ಐ ಆಫ್ ದ ಸ್ಟಾರ್ಮ್’ ಎಷ್ಟು ಜೋರಾಗಿ ಹಾಕಿದರೂ ಚೀಟಿ ಬಂದಿರಲಿಲ್ಲ ಅನ್ನುವುದನ್ನೂ ಇಲ್ಲಿ ಸೇರಿಸಬೇಕು.

ಹಾಗಾಗಿ ಒಂದು ಪದ್ಧತಿ ಮಾಡಿಕೊಂಡೆ. ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಪಕ್ಕದ ಮನೆಯವರು ಸೈಕಲ್ ತೆಗೆದುಕೊಂಡು ಹೊರಗೆ ಹೋಗುತ್ತಾರೆ. ಸೈಕಲ್ಲಿನ ಸ್ಟ್ಯಾಂಡ್ ಖಟ್ ಅನ್ನುವುದು ಕೇಳಿದರೆ ಸ್ಟವ್ ಮೇಲೆ ಕಾಫಿಗೆ ಹಾಲಿಟ್ಟು, ಸಿಡಿ ಹಾಕಿ, ಸೌಂಡ್ ಹನ್ನೆರಡಕ್ಕೆ ಏರಿಸುತ್ತೇನೆ. ಅವರು ವಾಪಸ್ ಬರುವವರೆಗೆ ನನ್ನದೇ ರಾಜ್ಯ. ಎಷ್ಟೋ ವಾರ ಹಾಲು ಉಕ್ಕಿದೆ. ಕೆಲಸದ ದಿನ ತೋಝಾಯ್ ಲೈನಿನ ರೈಲಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತೇನೆ. ಬೆಳಗಿನ ಆ ನೂಕುನುಗ್ಗಲಿನಲ್ಲಿ ಕೈ ಎತ್ತಲೂ ಜಾಗ ಇರುವುದಿಲ್ಲ, ಹಾಡು ಬದಲಾಯಿಸಲು ಆಗುವುದಿಲ್ಲ. ‘ನಿಯಾನ್’ ನನಗೆ ಹಿಡಿಸಿದ್ದು ಹೀಗೇ, ಬೇರೆ ದಾರಿ ಇರಲಿಲ್ಲ.

ಈ ಸಲ ಪ್ರೊಡ್ಯೂಸರ್ ರಾಬ್ ಕವಾಲೊ. ಗ್ರೀನ್ ಡೇ ಬ್ಯಾಂಡಿನ ಜೊತೆ ‘ಅಮೆರಿಕನ್ ಈಡಿಯಟ್’ ಆಲ್ಬಮ್ ಮಾಡಿದವರು. ಡ್ರಮ್ ಮತ್ತೆ ಡ್ರಮ್ ಥರ ಕೇಳುತ್ತದೆ. ರಿಯೋಟಾನ ಬೇಸ್ ಎದೆಗೆ ತಾಗುತ್ತದೆ. ಗಾಯಕ ಟಾಕಾ ಕಿರುಚುವುದಿಲ್ಲ, ಕಿರುಚುವ ಅಂಚಿಗೆ ಬಂದು ನಿಲ್ಲುತ್ತಾನೆ, ಅಲ್ಲೇ ನನ್ನ ದುಡ್ಡು ವಸೂಲಾಯಿತು. ಆಫೀಸಿನಲ್ಲಿ ನಿವೃತ್ತಿಗೆ ಹತ್ತಿರ ಇರುವ ಒಬ್ಬ ಹೆಂಗಸಿಗೆ ಈ ಬ್ಯಾಂಡಿನ ಹೆಸರು ಹೇಳಿದೆ. ಅವರಿಗೆ ರಾಕ್ ಗೊತ್ತಿಲ್ಲ. "ಓ, ಮೋರಿ ಶಿನ್ಇಚಿ ಅವರ ಮಗ ಅಲ್ವಾ" ಅಂದರು. ಟಾಕಾನ ತಂದೆ ಎಂಕಾ ಅನ್ನುವ ಜಪಾನಿನ ಹಳೇ ಶೈಲಿಯ ಹಾಡುಗಳ ದೊಡ್ಡ ಗಾಯಕರು, ತಾಯಿ ಮೋರಿ ಮಸಾಕೋ ಕೂಡ ಗಾಯಕಿಯಾಗಿದ್ದವರು. ಆಮೇಲೆ ಕೇಳಿದಾಗ ಆ ಗಂಟಲಿನ ನಡುಕ ಎಲ್ಲಿಂದ ಬಂತು ಅಂತ ನನಗೂ ಗೊತ್ತಾಯಿತು.

ಇಷ್ಟಾದ ಮೇಲೆ ಟೋಕಿಯೋ ಡೋಮ್‌ನಲ್ಲಿ ಇವರ ಏಪ್ರಿಲ್ ಕಾರ್ಯಕ್ರಮಕ್ಕೆ ಟಿಕೆಟ್ ಲಾಟರಿಗೆ ಹೆಸರು ಹಾಕಿದೆ. ಬರಲಿಲ್ಲ. ಇನ್ನೊಮ್ಮೆ ಹಾಕಿದೆ. ಬರಲಿಲ್ಲ. ಬಿಡಿ.

ಆದರೆ ನನ್ನ ನಿಜವಾದ ಸಿಟ್ಟು ಬೇರೆ. ಮೈಸೂರಿನಲ್ಲಿರುವ ತಮ್ಮನಿಗೆ ಫೋನ್ ಮಾಡಿ, ಇವರು ಮತ್ತೆ ಹಳೇ ದಾರಿಗೆ ಬಂದಿದ್ದಾರೆ, ಕೇಳು ಅಂದೆ. ಎರಡು ದಿನ ಬಿಟ್ಟು ಫೋನ್ ಮಾಡಿದ. "ಚೆನ್ನಾಗಿದೆ ಕಣೋ ಅಣ್ಣ, ಆದ್ರೆ ಅಮೆರಿಕದವರ ಥರಾನೇ ಇದೆಯಲ್ಲ. ನೀನು ಹೇಳಿದ ‘ಗ್ರ್ಯಾವಿಟಿ’ ಅನ್ನೋ ಹಾಡೇ ಇಲ್ಲ ಇದರಲ್ಲಿ." ಅವನಿಗೆ ತಲೆ ಸರಿಯಿಲ್ಲ ಅಂದುಕೊಂಡೆ. ಆಮೇಲೆ ನೋಡಿದರೆ ಆಲ್ಬಮ್ ಎರಡು ಥರ ಇದೆ. ಜಪಾನಿಗೆ ಒಂದು, ಹೊರದೇಶಕ್ಕೆ ಇನ್ನೊಂದು. ತಮ್ಮನ ಆ್ಯಪ್‌ನಲ್ಲಿ ಸಿಕ್ಕಿದ್ದು ಪೂರ್ತಿ ಇಂಗ್ಲಿಷಿನದು. ‘ಗ್ರ್ಯಾವಿಟಿ’ ಇರುವುದು ಜಪಾನಿನ ಸಿಡಿಯಲ್ಲಿ. ಅಫೀಶಿಯಲ್ ಹಿಗೆ ಡ್ಯಾಂಡಿಸಮ್ ಬ್ಯಾಂಡಿನ ಫುಜಿಹಾರ ಸತೋಶಿ ಜೊತೆ ಹಾಡಿದ್ದು.

ಒಂದು ಹಾಡು ಜಾಸ್ತಿ ಕಮ್ಮಿ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ‘ರೆನಿಗೇಡ್ಸ್’ ತೆಗೆದುಕೊಳ್ಳಿ. ಎಡ್ ಶೀರನ್ ಜೊತೆ ಸೇರಿ ಬರೆದ ಹಾಡು, 2021ರಲ್ಲಿ ‘ರುರೌನಿ ಕೆನ್‌ಶಿನ್’ ಸಿನಿಮಾಕ್ಕೆ ಬಂತು. ಜಪಾನಿ ಆವೃತ್ತಿಯಲ್ಲಿ ಟಾಕಾ ಇಂಗ್ಲಿಷಿನಲ್ಲಿ ಹೋಗುತ್ತಾ ಹೋಗುತ್ತಾ ಜಪಾನಿಗೆ ಹೊರಳುತ್ತಾನೆ. ಆಗ ಅವನ ಬಾಯಿ ಸಡಿಲವಾಗುತ್ತದೆ. ನಾವು ಮೀಟಿಂಗಿನಲ್ಲಿ ಇಂಗ್ಲಿಷ್ ಮಾತಾಡಿ ಹೊರಗೆ ಬಂದು "ಸಾಕಾಯ್ತಪ್ಪಾ" ಅನ್ನುತ್ತೇವಲ್ಲ, ಹಾಗೆ. ಇಂಗ್ಲಿಷ್ ಆವೃತ್ತಿಯಲ್ಲಿ ಮೀಟಿಂಗ್ ಮುಗಿಯುವುದೇ ಇಲ್ಲ. ಅದೇ ಗಿಟಾರ್, ಅದೇ ಡ್ರಮ್, ಆದರೂ ಹಳೇ ಬ್ಯಾಂಡ್ ವಾಪಸ್ ಬಂದಿದೆ ಅನ್ನಿಸುವುದಿಲ್ಲ. ಈ ಬ್ಯಾಂಡಿನ ಹೆಸರೇ ಎರಡು ಭಾಷೆ ಬೆರೆತು ಹುಟ್ಟಿದ್ದು. ರಾತ್ರಿ ಒಂದು ಗಂಟೆಗೆ ಸ್ಟುಡಿಯೋ ಅಗ್ಗಕ್ಕೆ ಸಿಗುತ್ತಿತ್ತಂತೆ. ಆ ‘ವನ್ ಓಕ್ಲಾಕ್’ ಜಪಾನಿ ನಾಲಿಗೆಯಲ್ಲಿ ಲಕಾರ ಹೋಗಿ ‘ಓಕೆ ರಾಕ್’ ಆಯಿತು. ಆ ನಾಲಿಗೆಯನ್ನೇ ತೊಳೆದು ಹೊರದೇಶಕ್ಕೆ ಕಳಿಸಿದರೆ ಹೇಗೆ?

ಇನ್ನೊಂದು ಕೊರತೆಯೂ ಇದೆ. ನಡುವಿನ ಒಂದೆರಡು ಹಾಡು ಒಂದೇ ಅಳತೆಗೆ ಹೊಲಿದ ಅಂಗಿಯ ಥರ. ಮೂರು ವರ್ಷ ಹತ್ತಿರ ಬಂದರೂ ‘ಸೋ ಫಾರ್ ಗಾನ್’ ನನಗೆ ನೆನಪಲ್ಲಿ ನಿಂತಿಲ್ಲ. 2025ರ ಇವರ ಆಲ್ಬಮ್ ‘ಡೀಟಾಕ್ಸ್’ ಇದಕ್ಕಿಂತ ಒರಟು, ಅದು ಬೇಕಾದವರು ನೇರ ಅಲ್ಲಿಗೇ ಹೋಗಬಹುದು. ನಾನಂತೂ ಭಾನುವಾರ ಇದನ್ನೇ ಹಾಕುವುದು.

ಕಳೆದ ಸಲ ರಜೆಗೆ ಹೋದಾಗ ತಮ್ಮನಿಗೆ ಕೇಳಿಸಲು ಸಿಡಿ ತೆಗೆದುಕೊಂಡು ಹೋದೆ. ಮನೆಯಲ್ಲಿ ಪ್ಲೇಯರ್ ಇಲ್ಲ, ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಜಾಗ ಇಲ್ಲ. ಉಳಿದದ್ದು ಅಪ್ಪನ ಹಳೇ ಕಾರು. ಒಳಗಿದ್ದ ದಾಸರ ಪದಗಳ ಸಿಡಿಯನ್ನು ಹೊರಗೆ ತೆಗೆದು, ಕಾಂಪೌಂಡಿನಲ್ಲೇ ಕಿಟಕಿ ಏರಿಸಿ ಕೂತು, ಕೊನೆಯವರೆಗೂ ಕೇಳಿದೆವು. ‘ರೆನಿಗೇಡ್ಸ್’ ಬಂದಾಗ ತಮ್ಮ ಏನೂ ಹೇಳಲಿಲ್ಲ, ಇನ್ನೊಂದು ಸಲ ಹಾಕಿದ. ಮುಗಿದ ಮೇಲೆ ಬಟನ್ ಒತ್ತಿದರೆ ಸಿಡಿ ಹೊರಗೆ ಬರಲಿಲ್ಲ. ಚಿಮುಟ ಹಾಕಿ ನೋಡಿದೆವು, ಮೆಕ್ಯಾನಿಕ್‌ಗೂ ತೋರಿಸಿದೆವು. ಬರಲಿಲ್ಲ.

ನಾನು ವಾಪಸ್ ಬಂದು ಹೊಸದೊಂದು ಕೊಂಡೆ, ಪೂರ್ತಿ ಬೆಲೆಗೆ, ಓಬಿ ಸಮೇತ. ಅಪ್ಪ ಈಗ ಮಾರ್ಕೆಟ್ಟಿಗೆ ಹೋಗುವಾಗ ಟಾಕಾ ಹಾಡುತ್ತಾನೆ. "ಆ ಹುಡುಗನ ಗಂಟಲು ಪರವಾಗಿಲ್ಲ, ಆದ್ರೆ ನನ್ನ ಸಿಡಿ ಯಾವಾಗ ಹಾಕೋದು" ಅಂತ ಫೋನಿನಲ್ಲಿ ಕೇಳುತ್ತಾರೆ.