ಬಾತ್‌ರೂಮ್ ಸೋರಿಕೆ: ಎಪಾಕ್ಸಿಯೋ, ಇಂಜೆಕ್ಷನ್ನೋ, ಒಡೆಯುವುದೋ?

ಹೊಸ ಮನೆಯಲ್ಲಿ ಬಾತ್‌ರೂಮಿನ ನೇರ ಕೆಳಗಿನ ಸೀಲಿಂಗಿಗೆ ಹಳದಿ ಉಂಗುರ ಬಿತ್ತೆಂದರೆ ಮೂರು ಸಲಹೆ ಬರುತ್ತವೆ. ಮೇಲಿಂದ ಟೈಲ್ಸ್ ಸಂದಿಗೆ ಎಪಾಕ್ಸಿ (ಕಲಸಿದ ಮೇಲೆ ಗಟ್ಟಿಯಾಗುವ ರಾಳದ ಮಾಲು) ತುಂಬಿಸಿ, ಕೆಳಗಿಂದ ಸ್ಲ್ಯಾಬಿಗೆ ಪಿಯು (ಪಾಲಿಯುರೆಥೇನ್) ಇಂಜೆಕ್ಷನ್ ಕೊಡಿಸಿ, ಇಲ್ಲಾ ನೆಲ ಒಡೆದು ವಾಟರ್‌ಪ್ರೂಫಿಂಗ್ ಹೊಸದಾಗಿ ಮಾಡಿಸಿ. ಮೂರನ್ನೂ ಮಾಡಿಸಿ ನೋಡಿದ ಮೇಲೆ ನನ್ನ ಓಟು ಒಡೆಯುವುದಕ್ಕೇ. ಧೂಳು, ಗದ್ದಲ, ಎರಡು ವಾರ ಬಾತ್‌ರೂಮ್ ಬಂದ್, ಎಲ್ಲ ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ.

ದುಡ್ಡು ಬಿಚ್ಚುವ ಮೊದಲು ಸೋರುತ್ತಿರುವುದು ಪೈಪೋ ನೆಲವೋ ತಿಳಿಯಬೇಕು. ನಲ್ಲಿಯ ಲೈನಿಗೆ ಗೇಜ್ ಇರುವ ಟೆಸ್ಟ್ ಪಂಪ್ ಜೋಡಿಸಿ ಒತ್ತಡ ಏರಿಸಿ. ಒಂದು ಗಂಟೆ ಮುಳ್ಳು ಇಳಿಯದಿದ್ದರೆ ಆ ಪೈಪ್ ನಿರಪರಾಧಿ. ಆಮೇಲೆ ನೆಲ ಒದ್ದೆ ಮಾಡದೆ, ಕೊಳವೆ ಇಳಿಬಿಟ್ಟು ನೇರ ಫ್ಲೋರ್ ಟ್ರ್ಯಾಪಿನೊಳಗೆ (ನೆಲದ ನೀರು ಹೊರಹೋಗುವ ಕಿಂಡಿ) ಬಕೆಟ್‌ಗಟ್ಟಲೆ ನೀರು ಬಿಟ್ಟು ನೋಡಿ. ಕೊನೆಗೆ ಟ್ರ್ಯಾಪಿನ ಬಾಯಿ ಮುಚ್ಚಿ ನೆಲದ ಮೇಲೆ 25 ಮಿ.ಮೀ. ನೀರು 48 ಗಂಟೆ ನಿಲ್ಲಿಸಿ. ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೀಟು ಹಾಕಿ. ಆವಿಯಾಗಿ ಹೋದದ್ದೆಷ್ಟು ಎಂದು ಗೊತ್ತಾಗಲು ಪಕ್ಕದಲ್ಲೇ ಒಂದು ತಟ್ಟೆಯಲ್ಲೂ ನೀರಿಡಿ. ಕ್ರಮ ತಿರುಗಿಸಿ ನೆಲದಿಂದಲೇ ಶುರು ಮಾಡಿದರೆ ಉತ್ತರ ಕಲಸುಮೇಲೋಗರವಾಗುತ್ತದೆ.

ಎಪಾಕ್ಸಿಯ ಆಕರ್ಷಣೆ ಅರ್ಥವಾಗುವಂಥದ್ದೇ. ಏನೂ ಒಡೆಯಬೇಕಿಲ್ಲ, ಒಂದು ದಿನದ ಕೆಲಸ. ಆದರೆ ಸಂದಿನಲ್ಲಿ ತುಂಬಿರುವ ಹಳೇ ಸಿಮೆಂಟ್ ಗ್ರೌಟನ್ನು ಟೈಲ್ ದಪ್ಪದ ಮೂರರಲ್ಲಿ ಎರಡು ಭಾಗದಷ್ಟು ಆಳಕ್ಕಾದರೂ ಕೆರೆದು ತೆಗೆಯಬೇಕು. ಸ್ಪೇಸರ್ (ಸಂದು ಬಿಡಲು ನಡುವೆ ಇಡುವ ತುಂಡು) ಇಲ್ಲದೆ ಅಂಟಿಸಿದ ಟೈಲ್ಸ್ ಆದರೆ ಸಂದು 1 ಮಿ.ಮೀ. ಕೂಡ ಇರುವುದಿಲ್ಲ, ಎಪಾಕ್ಸಿ ಒಳಗೆ ಇಳಿಯುವುದೇ ಇಲ್ಲ. ಮೇಲೆ ಸವರಿದ ಪಟ್ಟಿ ಕೆಲವೇ ತಿಂಗಳಲ್ಲಿ ಉಗುರಿಗೆ ಎದ್ದು ಬರುತ್ತದೆ. ತೆಳು ಡೈಮಂಡ್ ಬ್ಲೇಡಿನ ಗ್ರೈಂಡರಿನಿಂದ 2-3 ಮಿ.ಮೀ. ಅಗಲ ಮಾಡಿಸಬೇಕು, ಆಗ ಅಂಚಿನ ಗ್ಲೇಜ್ ಅಲ್ಲಲ್ಲಿ ಚಕ್ಕೆ ಏಳುತ್ತದೆ. ಕಲಸಿದ ಮಾಲು ಅರ್ಧ-ಮುಕ್ಕಾಲು ಗಂಟೆಯಲ್ಲಿ ಗಟ್ಟಿಯಾಗುತ್ತದೆ, ಸೆಖೆಯಲ್ಲಿ ಇನ್ನೂ ಬೇಗ. ಇಡೀ ಡಬ್ಬಿ ಒಮ್ಮೆಗೇ ಕಲಸುವವರನ್ನು ತಡೆಯಿರಿ.

ಇದನ್ನೆಲ್ಲ ಹೇಗೋ ಸಂಭಾಳಿಸಬಹುದು. ಸಂಭಾಳಿಸಲಾಗದ್ದು ಸಂಕನ್ (ತಗ್ಗಿಸಿದ) ಸ್ಲ್ಯಾಬಿನೊಳಗೆ ನಿಂತ ನೀರು. ಬಾತ್‌ರೂಮಿನ ಸ್ಲ್ಯಾಬನ್ನು 200-300 ಮಿ.ಮೀ. ತಗ್ಗಿಸಿ, ಪೈಪ್ ಹಾಯಿಸಿ, ಮೇಲೆ ಇಟ್ಟಿಗೆ ಚೂರೋ ಸಿಂಡರೋ (ಸುಟ್ಟ ಕಲ್ಲಿದ್ದಲಿನ ಕಿಟ್ಟ) ತುಂಬಿರುತ್ತಾರೆ. ನೆಲ 1.5 ಮೀ. × 2 ಮೀ., ತಗ್ಗು 250 ಮಿ.ಮೀ. ಎಂದಿಟ್ಟುಕೊಳ್ಳಿ. ತುಂಬಿದ ಮಾಲಿನಲ್ಲಿ ಐದರಲ್ಲೊಂದು ಪಾಲು ಪೊಳ್ಳು ಎಂದರೂ ಕಾಲ ಕೆಳಗೆ 150 ಲೀಟರ್ ನೀರು ಕೂರಲು ಜಾಗವಿದೆ! ಮೇಲೆ ಎಪಾಕ್ಸಿ ಬಿಗಿದ ಮೇಲೆ ಅದಕ್ಕೆ ಆರಿಹೋಗಲೂ ದಾರಿಯಿಲ್ಲ, ಇರುವ ದಾರಿ ಕೆಳಕ್ಕೊಂದೇ. ಹಾಗಾಗಿ ಕೆಲಸ ಸರಿಯಾಗಿಯೇ ಆಗಿದ್ದರೂ ಸೀಲಿಂಗ್ ವಾರಗಟ್ಟಲೆ ತೊಟ್ಟಿಕ್ಕುತ್ತದೆ. ಇದು ಹಳೇ ನೀರೋ ಹೊಸ ನೀರೋ ಹೇಳುವವರು ಯಾರು? ಕಾಂಟ್ರಾಕ್ಟರ್ ‘ಇನ್ನೊಂದು ವಾರ ನೋಡೋಣ ಸಾರ್’ ಎನ್ನುತ್ತಲೇ ಇರುತ್ತಾನೆ, ಸುಳ್ಳೆಂದು ಸಾಬೀತು ಮಾಡುವುದು ನಿಮ್ಮ ಕೈಲಿಲ್ಲ. ಸಾಲದ್ದಕ್ಕೆ, ಎಪಾಕ್ಸಿ ಹಿಡಿಯಬೇಕಾದರೆ ಸಂದು ಒಣಗಿರಬೇಕು. ಅಡಿಯಿಂದ ತೇವ ಏರುತ್ತಿರುವ ನೆಲದಲ್ಲಿ ಹೀಟ್ ಗನ್ ಹಿಡಿದು ಒಣಗಿಸಿದ ಸಂದು ಮತ್ತೆ ತಣ್ಣಗಾಗುವಷ್ಟರಲ್ಲಿ ಒದ್ದೆ.

ಅದಕ್ಕೇ ಎಪಾಕ್ಸಿಗೆ ಒಪ್ಪುವ ಮೊದಲು ಟ್ರ್ಯಾಪಿನ ಪಕ್ಕದ ಒಂದು ಟೈಲ್ ಎಬ್ಬಿಸಿ, 100 ಮಿ.ಮೀ. ಅಗೆದು, ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ. ಗುಂಡಿಯಲ್ಲಿ ನೀರು ಒಸರಿದ್ದರೆ ಎಪಾಕ್ಸಿಯ ಮಾತು ಅಲ್ಲಿಗೇ ಮುಗಿಯಿತು. ಆಗಲೇ ಮಾಡಿಸಿಬಿಟ್ಟಿದ್ದರೆ ಸೀಲಿಂಗಿನ ಒದ್ದೆಯ ಅಂಚಿಗೆ ವಾರಕ್ಕೊಮ್ಮೆ ಗೀಟೆಳೆದು ತಾರೀಕು ಬರೆಯಿರಿ. ಐದಾರು ವಾರವಾದರೂ ಅಂಚು ಹಿಂದೆ ಸರಿಯದಿದ್ದರೆ ಅದು ಹೊಸ ನೀರೆಂದು ಅನುಮಾನಿಸಿ.

ಇಂಜೆಕ್ಷನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿರುಕಿನ ಎರಡೂ ಬದಿಗೆ ಓರೆಯಾಗಿ ತೂತು ಕೊರೆದು, ಪ್ಯಾಕರ್ ಎಂಬ ನಳಿಕೆ ಕೂರಿಸಿ, ಪಿಯು ಒತ್ತುತ್ತಾರೆ. ನೀರು ತಾಗಿದೊಡನೆ ಅದು ನೊರೆಯಾಗಿ ಉಬ್ಬಿ ದಾರಿ ಕಟ್ಟುತ್ತದೆ. ಬೇಸ್‌ಮೆಂಟ್ ಗೋಡೆಯಲ್ಲಿ ಒಂದೇ ಬಿರುಕಿದ್ದರೆ ಕಣ್ಣು ಮುಚ್ಚಿ ಮಾಡಿಸಬಹುದು. ಬಾತ್‌ರೂಮಿನ ಅಡಿ ಮಾತ್ರ ಬೇಡ: ಮೇಲಿನ ನೀರು ಅಲ್ಲೇ ಇರುತ್ತದೆ, ಇಲ್ಲಿ ಮುಚ್ಚಿದರೆ ಫ್ಯಾನ್ ಬಾಕ್ಸಿನಲ್ಲಿ ಇಳಿಯುತ್ತದೆ, ಸ್ಲ್ಯಾಬಿನ ಕಬ್ಬಿಣ ನೆನೆಯುತ್ತಲೇ ಇರುತ್ತದೆ. ಕೊರೆಯುವಾಗ ವೈರಿಂಗ್ ಪೈಪಿಗೆ ತಗುಲಿದರೆ ಅದೊಂದು ಬೇರೆ ಕತೆ.

ಒಡೆಯುವುದಾದರೆ ಅರ್ಧಂಬರ್ಧ ಬೇಡ. ಟೈಲ್ಸ್, ಗಾರೆ, ತುಂಬಿದ ಚೂರು ಎಲ್ಲ ತೆಗೆದು ಬರಿಯ ಸ್ಲ್ಯಾಬ್ ಕಾಣಬೇಕು. ಗೋಡೆಯ ಕೆಳಗಿನ ಒಂದು ಸಾಲು ಟೈಲ್ಸೂ ಹೋಗಲೇಬೇಕು, ಇಲ್ಲದಿದ್ದರೆ ಕೋಟಿಂಗನ್ನು ಗೋಡೆಗೆ 300 ಮಿ.ಮೀ. ಏರಿಸಲು ಜಾಗವಿರುವುದಿಲ್ಲ. ಸ್ಲ್ಯಾಬೂ ಗೋಡೆಯೂ ಸೇರುವ ಮೂಲೆಗೆ ಪಾಲಿಮರ್ ಗಾರೆಯಿಂದ ದುಂಡು ಕೊಟ್ಟು, ಮೇಲೆ ಫೈಬರ್ ಮೆಶ್ ಹೂಳಿ, ಪಾಲಿಮರ್-ಸಿಮೆಂಟ್ ಕೋಟಿಂಗ್ ಎರಡು ಕೈ, ಒಂದು ಉದ್ದಕ್ಕೆ ಇನ್ನೊಂದು ಅಡ್ಡಕ್ಕೆ.

ಕಣ್ಣಿಡಬೇಕಾದ್ದು ಪೈಪ್ ಸ್ಲ್ಯಾಬನ್ನೋ ಗೋಡೆಯನ್ನೋ ದಾಟುವ ಜಾಗಕ್ಕೆ. ನುಣುಪು ಪಿವಿಸಿಗೆ ಸಿಮೆಂಟ್ ಅಂಟುವುದಿಲ್ಲ, ಸುತ್ತ ಕೂದಲೆಳೆಯಷ್ಟು ಸಂದು ಉಳಿದೇ ಉಳಿಯುತ್ತದೆ. ನಾನು ನೋಡಿದ ಹೆಚ್ಚಿನ ಸೋರಿಕೆ ಆ ಉಂಗುರದ್ದೇ. ಪೈಪನ್ನು ಮರಳುಕಾಗದದಿಂದ ಒರಟು ಮಾಡಿ, ಸುತ್ತ 25 ಮಿ.ಮೀ. ಕಾಲುವೆ ಕೊರೆದು, ಕುಗ್ಗದ ಗ್ರೌಟ್ ತುಂಬಿ, ಕೋಟಿಂಗನ್ನು ಪೈಪಿನ ಮೇಲಕ್ಕೂ ಹತ್ತಿಸಬೇಕು. ಕೋಟಿಂಗ್ ಬಲಿತ ಮೇಲೆ 48 ಗಂಟೆ ನೀರು ನಿಲ್ಲಿಸಿ, ಕೆಳಗೆ ಟಾರ್ಚ್ ಹಿಡಿದು ನೋಡಿ. ಅದು ಪಾಸಾಗುವ ತನಕ ಮೇಸ್ತ್ರಿ ಚೂರು ತುಂಬಲು ಬಿಡಬೇಡಿ. ತುಂಬಿ ಸಮ ಮಾಡಿದ ಮೇಲೆ ಟೈಲ್ಸಿನ ಅಡಿಗೆ ಇನ್ನೊಂದು ಕೋಟಿಂಗ್. ಟ್ರ್ಯಾಪಿನ ಕಡೆಗೆ 80ಕ್ಕೆ 1ರಂತೆ ವಾಟ.

ತಗ್ಗಿಸದ ಸ್ಲ್ಯಾಬ್, ಒಣ ಗುಂಡಿ, ಅಪರೂಪಕ್ಕೆ ಬಳಸುವ ಬಾತ್‌ರೂಮ್, ಈ ಮೂರೂ ಕೂಡಿಬಂದರೆ ಎಪಾಕ್ಸಿಗೆ ನನ್ನ ತಕರಾರಿಲ್ಲ. ಇಲ್ಲವಾದರೆ, ಕೈಯಲ್ಲಿ ದುಡ್ಡು ಕಡಿಮೆಯಿದ್ದರೂ ಎಪಾಕ್ಸಿ ಮಾಡಿಸುವ ಬದಲು ಆ ಬಾತ್‌ರೂಮಿಗೆ ಬೀಗ ಹಾಕಿ ಕೂಡಿಡುವುದು ನನ್ನ ರೀತಿ. ಒಂದೇ ಕೆಲಸಕ್ಕೆ ಎರಡು ಸಲ ಆಳು ಕರೆಯುವ ತಾಳ್ಮೆ ನನಗಿಲ್ಲ. ಒಡೆಯುವ ಮುನ್ನ ಅದೇ ಬ್ಯಾಚಿನ ಟೈಲ್ಸ್ ಮಿಕ್ಕಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಪೂರ್ತಿ ಬೇರೆ ಬಣ್ಣವನ್ನೇ ಹಾಕಿಸಿ. ಒಂದು ಛಾಯೆ ಆಚೀಚೆಯಾದ ಟೈಲ್ ಸೋರಿಕೆಯ ಕಲೆಗಿಂತ ಹೆಚ್ಚು ಕಣ್ಣಿಗೆ ಚುಚ್ಚುತ್ತದೆ.