ನೋವಿನ ಮಾತ್ರೆ ನುಂಗಿಸಿ ಮಕ್ಕಳನ್ನು ಮೈದಾನಕ್ಕೆ ಇಳಿಸಬೇಡಿ

13 ವರ್ಷದ ಹುಡುಗ, ಲಾಂಗ್ ಜಂಪ್ ಆಟಗಾರ. ಮಂಡಿಚಿಪ್ಪಿನ ಕೆಳಗೊಂದು ಗಂಟು, ಮುಟ್ಟಿದರೆ ನೋವು. ಮೂರು ತಿಂಗಳು ಎಣ್ಣೆ ಹಚ್ಚಿ ಆ ಗಂಟನ್ನೇ ಒತ್ತಿ ಉಜ್ಜಿದರು. ಸ್ಪರ್ಧೆಯ ದಿನ ನೋವಿನ ಮಾತ್ರೆ ಕೊಟ್ಟರು. ಜಿಗಿಯುವಾಗ ಟಪ್ ಎಂದಿತು, ಆಮೇಲೆ ಕಾಲು ನೆಟ್ಟಗೆ ಎತ್ತಲಾಗಲಿಲ್ಲ. ಮೂಳೆಯ ತುಂಡೇ ಕಿತ್ತು ಬಂದಿತ್ತು, ಸ್ಕ್ರೂ ಹಾಕಿ ಕೂರಿಸಬೇಕಾಯಿತು.

ಇಷ್ಟು ಕೆಡುವುದು ಅಪರೂಪ. ಆದರೆ ಇದೇ ತಪ್ಪುಗಳಿಂದ ತಿಂಗಳುಗಟ್ಟಲೆ ಕುಂಟುವುದು ಅಪರೂಪವಲ್ಲ.

ಹಾಗೆ ಗಂಟು ಕಟ್ಟುವ ಕಾಯಿಲೆಗೆ ಆಸ್‌ಗುಡ್-ಶ್ಲಾಟರ್ ಎನ್ನುತ್ತಾರೆ. ತೊಡೆಯ ಮುಂದಿನ ಸ್ನಾಯು ಮಂಡಿಚಿಪ್ಪನ್ನು ದಾಟಿ ಬಂದು ಕೆಳಗಾಲಿನ ಮೂಳೆಯನ್ನು ಎಳೆಯುವ ಜಾಗದಲ್ಲೇ ಆ ಗಂಟು. ಎತ್ತರ ಬೆಳೆಯುವ ವಯಸ್ಸಿನಲ್ಲಿ ಅಲ್ಲಿನ್ನೂ ಮೃದ್ವಸ್ಥಿ (ಗಟ್ಟಿಯಾಗದ ಮೆದು ಮೂಳೆ) ಇರುತ್ತದೆ. ಪ್ರತಿ ಜಿಗಿತ, ಪ್ರತಿ ಓಟ ಅದನ್ನೇ ಜಗ್ಗುತ್ತದೆ. ಮೊದಲೇ ಕೆರಳಿದ ಆ ಜಾಗವನ್ನು ತಿಕ್ಕಿದರೆ ಇನ್ನಷ್ಟು ಕೆರಳುತ್ತದೆ. ಹಿಮ್ಮಡಿಯನ್ನು ಪೃಷ್ಠಕ್ಕೆ ತಾಗಿಸುವ ಸ್ಟ್ರೆಚ್ ಕೂಡ ನೋವಿರುವಾಗ ಬೇಡ, ಅದೂ ಎಳೆತವೇ. ಸ್ಟಿರಾಯ್ಡ್ ಇಂಜೆಕ್ಷನ್ನಿಗಂತೂ ಒಪ್ಪಬೇಡಿ: ಚರ್ಮ ತೆಳುವಾಗಬಹುದು, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಸೋಲಬಹುದು. ಹಾಗಂತ ಪೂರ್ತಿ ಮಲಗಿಸಿದರೆ ತೊಡೆ ಸೊರಗಿ, ಆಟಕ್ಕೆ ಮರಳಿದ ವಾರದಲ್ಲೇ ನೋವು ಹಾಜರು.

ಮೊದಲು ಜಿಗಿತ, ವೇಗದ ಓಟ, ಮಂಡಿಯೂರುವುದು ನಿಲ್ಲಲಿ. ಅಭ್ಯಾಸದ ನಂತರ ಬಟ್ಟೆ ಸುತ್ತಿದ ಐಸ್ 10-15 ನಿಮಿಷ. ಕಾಲು ಚಾಚಿ, ಮಂಡಿಯಡಿ ಮಡಚಿದ ಟವೆಲ್ ಇಟ್ಟು, ಅದನ್ನು ಮಂಡಿಯಿಂದಲೇ ಕೆಳಕ್ಕೆ 10 ಸೆಕೆಂಡ್ ಒತ್ತಿ ಬಿಡುವುದು, 10 ಸಲ. ಅದು ಸಲೀಸಾದ ಮೇಲೆ ಬ್ರಿಡ್ಜ್ (ಅಂಗಾತ ಮಲಗಿ, ಮಂಡಿ ಮಡಚಿ ಸೊಂಟ ಎತ್ತುವುದು), ಗೋಡೆಗೊರಗಿ ಅರ್ಧ ಕುಳಿತು 30 ಸೆಕೆಂಡ್, ನಂತರ ಸ್ಕ್ವಾಟ್. ಜಿಗಿತ ಕೊನೆಗೆ. ನೋವಿಗೆ ಹತ್ತರಲ್ಲಿ ಅಂಕ ಕೊಡಿಸಿ: ಮೂರರೊಳಗಿನ ನೋವು ಮರುದಿನ ಬೆಳಿಗ್ಗೆಗೆ ಇಳಿದಿದ್ದರೆ ಸರಿ. ಇಳಿಯದಿದ್ದರೆ ಒಂದು ಹಂತ ಹಿಂದಕ್ಕೆ. ಮಾತ್ರೆ ಕೊಟ್ಟರೆ ಈ ಅಳತೆಯೇ ಕೈತಪ್ಪುತ್ತದೆ. ನೋವು ಹೋದರೂ ಗಂಟು ಉಳಿಯಬಹುದು, ಅದರ ಹಿಂದೆ ಬೀಳಬೇಡಿ.

ರಾತ್ರಿ ಎಬ್ಬಿಸುವ ನೋವು, ಜ್ವರ, ಇಡೀ ಮಂಡಿ ಊದುವುದು, ಮಡಚುವಾಗ ಸಿಕ್ಕಿಹಾಕಿಕೊಳ್ಳುವುದು ಈ ಕಾಯಿಲೆಯ ಲಕ್ಷಣಗಳಲ್ಲ, ವೈದ್ಯರಿಗೆ ತೋರಿಸಿ. ಇನ್ನೊಂದು ಮೋಸವಿದೆ: ಮಂಡಿ ನೋವೆನ್ನುವ ಮಗುವಿನ ಮಂಡಿಯಲ್ಲಿ ಏನೂ ಕಾಣುವುದಿಲ್ಲ, ಆದರೆ ಕುಂಟುತ್ತದೆ, ಪಾದ ಹೊರಕ್ಕೆ ತಿರುಗಿರುತ್ತದೆ. ಅಲ್ಲಿ ಸೊಂಟದ ಕೀಲಿನ ಮೂಳೆ ಜಾರಿರಬಹುದು. ಆ ಕಾಲೂರಲು ಬಿಡದೆ, ಅಂದೇ ಸೊಂಟದ ಎಕ್ಸ್‌-ರೇ ತೆಗೆಸಿ.